ಕೆಂಪು, ಕಪ್ಪು, ಬೂದು: ಸ್ಯಾಂಟೊರಿನಿಯ ನಾಲ್ಕು ಬೀಚುಗಳಲ್ಲಿ ನಾಲ್ಕು ದಿನ

ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಫೋಟೋದಲ್ಲಿ ಕಾಣುವ ಆ ಬಿಳಿ ಮನೆ, ನೀಲಿ ಗುಮ್ಮಟಗಳ ಕೆಳಗೆ ಬೀಚ್ ಇಲ್ಲ. ಅಲ್ಲಿ ನೆಲ ಕತ್ತರಿಸಿ ಹಾಕಿದ ಹಾಗೆ ನೂರಾರು ಮೀಟರ್ ಕೆಳಗಿಳಿದು ನೇರ ನೀರಿಗೆ ಸೇರುತ್ತದೆ. ಸುಮಾರು 3,600 ವರ್ಷಗಳ ಹಿಂದೆ ಈ ದ್ವೀಪದ ಜ್ವಾಲಾಮುಖಿ ದೊಡ್ಡದಾಗಿ ಸಿಡಿಯಿತು. ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲಿತು. ಟೊಳ್ಳಾದ ನಡುಭಾಗ ಕುಸಿಯಿತು. ಅಲ್ಲಿ ಸಮುದ್ರ ನಿಂತಿತು. ಉಳಿದದ್ದು ಅರ್ಧಚಂದ್ರದಂಥ ಒಂದು ಅಂಚು. ಅದರ ಒಳಬದಿ ಕಡಿದಾದ ಗೋಡೆ. ಹೊರಬದಿ ಮಾತ್ರ ನಿಧಾನಕ್ಕೆ ಇಳಿಯುತ್ತಾ ಹೋಗಿ ಕಡಲು ಮುಟ್ಟುತ್ತದೆ. ಹೆಸರಾದ ಬೀಚುಗಳೆಲ್ಲ ಈ ಹೊರಬದಿಯಲ್ಲೇ, ದ್ವೀಪದ ಪೂರ್ವಕ್ಕೆ ಮತ್ತು ದಕ್ಷಿಣಕ್ಕೆ ಇವೆ.

ನಾವು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗ, ಮತ್ತೆ ಮಂಡಿನೋವಿರುವ ನನ್ನ ಅಮ್ಮ. ಫಿರಾ ಊರಿನ ಪಕ್ಕದ ಕಾರ್ಟೆರಾದೋಸ್ ಎಂಬ ಹಳ್ಳಿಯಲ್ಲಿ ಕೋಣೆ ಹಿಡಿದಿದ್ದೆವು. ಕಾರು ತೆಗೆದುಕೊಳ್ಳಲಿಲ್ಲ, ಬಸ್ಸಲ್ಲೇ ಓಡಾಡಿದೆವು. ದಿನಕ್ಕೊಂದು ಬೀಚ್ ಅಂತ ನಾಲ್ಕು ದಿನ ಇಟ್ಟುಕೊಂಡಿದ್ದೆವು. ಕೆಂಪು ಬೀಚ್, ಪೆರಿಸ್ಸಾ, ಕಮಾರಿ, ವ್ಲಿಹಾದಾ. ನಾಲ್ಕೂ ಒಂದೇ ಜ್ವಾಲಾಮುಖಿಯ ಮಕ್ಕಳು. ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಮಗುವಿಗೆ ಈಜಲು ಯಾವುದು, ಅಮ್ಮನಿಗೆ ಕೂರಲು ಯಾವುದು, ಕಣ್ಣಿಗೆ ಯಾವುದು ಅಂತ ಲೆಕ್ಕ ಹಾಕಿಕೊಂಡೇ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಂಪು ಬೀಚ್. ಎಲ್ಲರೂ ಹೋಗೋದು ಅಲ್ಲಿಗೇ, ನಾವೂ ಹಾಗೇ ಮಾಡಿದೆವು.

ಫಿರಾದಿಂದ ಅಕ್ರೋತಿರಿ ಬಸ್ಸು ಹತ್ತಿದರೆ ದ್ವೀಪದ ದಕ್ಷಿಣ ತುದಿಗೆ ಇಳಿಸುತ್ತದೆ. ಅಲ್ಲಿಂದ ಸ್ವಲ್ಪ ದೂರ ಸಮುದ್ರದ ಪಕ್ಕದಲ್ಲೇ ನಡಿಗೆ. ಒಂದು ಪುಟ್ಟ ಬಿಳಿ ಚರ್ಚು, ವಾಹನ ನಿಲ್ಲಿಸುವ ಜಾಗ, ಅದು ದಾಟಿದ ಮೇಲೆ ಕಲ್ಲುಬಂಡೆಗಳ ದಾರಿ. ಬಂಡೆ ಸುತ್ತಿ ಮೂಲೆ ತಿರುಗುತ್ತಿದ್ದ ಹಾಗೆ ಒಮ್ಮೆಲೇ ಕಾಣುತ್ತದೆ. ಆ ಕೆಂಪನ್ನು ಫೋಟೋ ಸರಿಯಾಗಿ ತೋರಿಸುವುದಿಲ್ಲ. ಇಟ್ಟಿಗೆ ಗೂಡಿನೊಳಗಿನ ಬಣ್ಣ ನೋಡಿದ್ದೀರಾ? ಹೆಚ್ಚೂ ಕಡಿಮೆ ಅದೇ. ಎತ್ತರದ ಕೆಂಪು ಗೋಡೆ, ಬುಡದಲ್ಲಿ ಕೆಂಪು ಕಪ್ಪು ಬೆರೆತ ಸಣ್ಣ ಕಲ್ಲು, ಅದರ ಮುಂದೆ ನವಿಲುಗತ್ತಿನ ಬಣ್ಣದ ನೀರು. ಅಮ್ಮ ದಾರಿಯಲ್ಲೇ ನಿಂತುಬಿಟ್ಟಳು. "ನಾನು ಇಲ್ಲೇ ಕೂತ್ಕೋತೀನಿ ಕಣೇ, ಇಲ್ಲಿಂದ ಕಾಣೋದು ಸಾಕು" ಅಂದಳು. ಅವಳ ಮಂಡಿಗೆ ಆ ಬಂಡೆ ದಾರಿ ಆಗುತ್ತಲೂ ಇರಲಿಲ್ಲ.

ಈ ಕೆಂಪು ಎಲ್ಲಿಂದ ಬಂತು ಅಂತ ಮಗ ಕೇಳಿದ. ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ ಅವನ ಕೈಗೆ ಕೊಟ್ಟೆ. ನೋಡಲು ಭಾರ ಅನಿಸುತ್ತದೆ, ಎತ್ತಿದರೆ ಹಗುರ. ಮೈತುಂಬ ತೂತು, ಚೆನ್ನಾಗಿ ಹುಳಿ ಬಂದ ಹಿಟ್ಟಿನ ದೋಸೆಯ ಹಾಗೆ. ಲಾವಾ ಚಿಮ್ಮುವಾಗ ಅದರೊಳಗಿದ್ದ ಅನಿಲ ಗುಳ್ಳೆಗಟ್ಟುತ್ತದೆ. ಆ ಗುಳ್ಳೆ ಹಾಗೇ ತಣ್ಣಗಾದರೆ ಇಂಥ ಕಲ್ಲಾಗುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಇದೆ. ಬಿಸಿಯಿರುವಾಗಲೇ ಗಾಳಿ ತಾಗಿ ತುಕ್ಕು ಹಿಡಿದ ಹಾಗೆ ಕೆಂಪಾಗುತ್ತದೆ. ಮಗ ಬೆರಳಿಂದ ಒತ್ತಿದ. ಅಂಚು ಪುಡಿಯಾಗಿ ಅವನ ಅಂಗೈ ಕುಂಕುಮ ಮೆತ್ತಿದ ಹಾಗಾಯಿತು.

ಈ ಪುಡಿಯಾಗುವ ಗುಣವೇ ಈ ಬೀಚಿನ ಅಪಾಯ. ಇಡೀ ಗೋಡೆ ಇಂಥ ಕಲ್ಲನ್ನೇ ಸಡಿಲವಾಗಿ ಪೇರಿಸಿದ ಹಾಗಿದೆ. ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿಲ್ಲ. ಇಲ್ಲಿ ಹಿಂದೆ ಗುಡ್ಡ ಜರಿದಿದೆ. ಕಲ್ಲು ಬೀಳುತ್ತದೆ ಅಂತ ಎಚ್ಚರಿಕೆಯ ಬೋರ್ಡ್ ಹಾಕಿದ್ದಾರೆ. ಬೋರ್ಡ್ ಇದ್ದರೂ ಜನ ಅದರ ಪಕ್ಕದಲ್ಲೇ ಇಳಿದು ಹೋಗುತ್ತಾರೆ. ನಾವು ನೋಡುಗರ ಜಾಗದಲ್ಲಿ ನಿಂತಿದ್ದಾಗಲೇ ಮೇಲಿಂದ ಸರ್ರ್ ಅಂತ ಒಂದು ಸದ್ದು ಬಂತು. ಅಕ್ಕಿ ಸುರಿದ ಹಾಗೆ ಸಣ್ಣ ಕಲ್ಲುಗಳು ಗೋಡೆಗುಂಟ ಜಾರಿ ಕೆಳಗೆ ಬಿದ್ದವು. ಅದರ ಬುಡದಿಂದ ನಾಲ್ಕೈದು ಮಾರು ದೂರದಲ್ಲಿ ಒಂದು ಕುಟುಂಬ ಟವೆಲ್ ಹಾಸಿ ಮಲಗಿತ್ತು. ಅವರಿಗೆ ಏನೂ ಆಗಲಿಲ್ಲ. ಆದರೆ ನನಗೆ ಕೈಕಾಲು ತಣ್ಣಗಾಯಿತು. ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿಂದ ಮುಂದೆ ಹೆಜ್ಜೆ ಇಡಲಿಲ್ಲ.

ಹಾಗಾಗಿ ಕೆಂಪು ಬೀಚಿನ ನೀರು ಹೇಗಿದೆ ಅಂತ ನಾನು ಬರೆಯುವುದಿಲ್ಲ. ನಾವು ನೀರಿಗೆ ಇಳಿಯಲೇ ಇಲ್ಲ. ಅದರ ಬಗ್ಗೆ ನನಗೆ ಬೇಜಾರೂ ಇಲ್ಲ. ಅಷ್ಟು ದೂರ ಹೋಗಿ ಇಳಿಯದೆ ಬಂದಿರಾ ಅಂತ ಊರಲ್ಲಿ ಕೇಳಿದವರಿದ್ದಾರೆ. ಆ ನೋಟ ಪೂರ್ತಿ ಸಿಗೋದು ದೂರದಿಂದಲೇ. ಗೋಡೆಯ ಬುಡದಲ್ಲಿ ಕೂತರೆ ಗೋಡೆ ಬೆನ್ನಿಗಾಗುತ್ತದೆ, ಕಾಣೋದು ಬರೀ ನೀರು. ಅಷ್ಟಕ್ಕೆ ತಲೆ ಮೇಲೆ ಅಪಾಯ ಇಟ್ಟುಕೊಂಡು ಕೂರುವುದು ಯಾಕೆ? ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಕೈ ಮುಗಿದು ಹೇಳುತ್ತೇನೆ, ನೋಡಿ ವಾಪಸ್ ಬನ್ನಿ.

ನೋಡಲು ಬೆಳಿಗ್ಗೆ ಬೇಗ ಹೋಗಬೇಕು. ಹತ್ತೂವರೆ ಹನ್ನೊಂದರ ಮೇಲೆ ಪ್ರವಾಸಿ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ದಾರಿ ಕಿರಿದು, ಬರುವವರು ಹೋಗುವವರು ಮೈಗೆ ಮೈ ತಾಗಿಸಿಕೊಂಡೇ ದಾಟಬೇಕು.

ಅಲ್ಲಿಗೆ ಹೋದವರು ಬಿಡಬಾರದ್ದು ಒಂದಿದೆ. ಅಕ್ರೋತಿರಿಯ ಅಗೆತ. ಕೆಂಪು ಬೀಚಿಂದ ಹತ್ತು ಹದಿನೈದು ನಿಮಿಷದ ನಡಿಗೆ ಅಷ್ಟೇ. ಆ ಹಳೇ ಸ್ಫೋಟದಲ್ಲಿ ಬೂದಿಯಡಿ ಹೂತುಹೋದ ಊರು ಅದು. ಸ್ಪಿರಿಡಾನ್ ಮರಿನಾಟೋಸ್ ಎಂಬ ಗ್ರೀಕ್ ಪುರಾತತ್ವಜ್ಞರು 1967ರಲ್ಲಿ ಇಲ್ಲಿ ಅಗೆಸಲು ಶುರುಮಾಡಿದರು. 1974ರಲ್ಲಿ ಇದೇ ಜಾಗದಲ್ಲಿ ತೀರಿಕೊಂಡರು. ಈಗ ಇಡೀ ಅಗೆತದ ಮೇಲೆ ದೊಡ್ಡ ಸೂರು ಹಾಕಿದ್ದಾರೆ. ಹಾಸಿದ ದಾರಿಯಲ್ಲಿ ನಡೆಯುತ್ತಾ ಎರಡು ಮೂರು ಅಂತಸ್ತಿನ ಮನೆಗಳು, ಬೀದಿಗಳು, ಕೊಳಚೆ ಹರಿಯುವ ಚರಂಡಿ, ಸಾಲಾಗಿ ನಿಂತ ಮಣ್ಣಿನ ಹಂಡೆಗಳನ್ನೆಲ್ಲ ನೋಡಬಹುದು. ನಮ್ಮಜ್ಜಿ ಮನೆಯ ಉಗ್ರಾಣದಲ್ಲಿ ಭತ್ತ ತುಂಬಿಡುತ್ತಿದ್ದ ವಾಡೆಗಳಿಗೂ ಇವಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಇಟಲಿಯಲ್ಲಿ ಹೀಗೇ ಬೂದಿಯಡಿ ಹೂತುಹೋದ ಪಾಂಪೆ ಊರಲ್ಲಿ ಸಿಕ್ಕ ಹಾಗೆ ಇಲ್ಲಿ ಸತ್ತವರ ಗುರುತು ಸಿಕ್ಕಿಲ್ಲ. ಮೊದಲು ಭೂಕಂಪ ಆದಾಗಲೇ ಜನ ಊರು ಬಿಟ್ಟಿರಬೇಕು ಅನ್ನುತ್ತಾರೆ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಸಮಾಧಾನ ಕೊಟ್ಟ ಮಾತು ಅದು. "ಪುಣ್ಯಾತ್ಮರು, ಮಕ್ಕಳನ್ನ ಎತ್ಕೊಂಡು ಹೊರಟಿದ್ದಾರೆ" ಅಂದಳು. ನೆರಳಿದೆ, ನೆಲ ಸಮ ಇದೆ, ವಯಸ್ಸಾದವರಿಗೂ ನಡೆಯಬಹುದು.

ಎರಡನೇ ದಿನ ಪೆರಿಸ್ಸಾ. ನಾಲ್ಕರಲ್ಲಿ ನಾವು ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ.

ಇದು ಕಪ್ಪು ಮರಳು. ಪೆರಿಸ್ಸಾದಿಂದ ದಕ್ಷಿಣಕ್ಕೆ ಪೆರಿವೊಲೊಸ್, ಅದರಾಚೆ ಅಗಿಯೋಸ್ ಯೋರ್ಗಿಯೋಸ್, ಎಲ್ಲ ಒಂದೇ ಉದ್ದನೆಯ ತೀರ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ನಡೆಯುತ್ತಲೇ ಹೋಗಬಹುದು. ಉತ್ತರದ ತುದಿಯಲ್ಲಿ ಮೆಸಾ ವೂನೋ ಎಂಬ ಬೆಟ್ಟ ಎದ್ದು ನಿಂತಿದೆ. ಈ ಬೆಟ್ಟ ಜ್ವಾಲಾಮುಖಿಯದ್ದಲ್ಲ, ಸುಣ್ಣಕಲ್ಲು. ಜ್ವಾಲಾಮುಖಿ ಹುಟ್ಟುವ ಮೊದಲೇ ಇಲ್ಲಿದ್ದ ಹಳೇ ದ್ವೀಪದ ತುಂಡು. ಬೂದುಬಿಳಿ ಬೆಟ್ಟದ ಬುಡದಲ್ಲಿ ಕಾಡಿಗೆಯಂಥ ಮರಳು. ಎರಡೂ ಒಂದಕ್ಕೊಂದು ಅಂಟಿಕೊಂಡಿರುವುದನ್ನು ನೋಡುವುದೇ ಚೆಂದ.

ಕಾರವಾರದ ಹತ್ತಿರ ಮಾಜಾಳಿ ಕಡೆ ತಿಳಮಾತಿ ಅಂತ ಒಂದು ಕರಿ ಮರಳಿನ ಬೀಚ್ ಇದೆ. ಎಳ್ಳಿನಂಥ ಮರಳು ಅಂತಲೇ ಆ ಹೆಸರು. ಗುಡ್ಡ ಹತ್ತಿಳಿದು ಅಲ್ಲಿಗೆ ಒಮ್ಮೆ ಹೋಗಿದ್ದೆ. ಅಲ್ಲಿ ಪುಟ್ಟ ಕೊಲ್ಲಿಯಷ್ಟೇ. ಪೆರಿಸ್ಸಾದಲ್ಲಿ ಕಣ್ಣು ಹರಿಯುವವರೆಗೂ ಕಪ್ಪು. ಅಂಗೈಯಲ್ಲಿ ಒಂದು ಹಿಡಿ ತೆಗೆದುಕೊಂಡು ಬಿಸಿಲಿಗೆ ಹಿಡಿದರೆ ಪೂರ್ತಿ ಕಪ್ಪಲ್ಲ ಅಂತ ಗೊತ್ತಾಗುತ್ತದೆ. ಬೂದು ಇದೆ, ಅಲ್ಲೊಂದು ಇಲ್ಲೊಂದು ಕಂದು ಕಣ ಇದೆ, ನಡುವೆ ಸಾಸಿವೆ ಗಾತ್ರದ ನುಣುಪು ಕಲ್ಲುಗಳೂ ಇವೆ. ನೀರು ತಾಗಿದಾಗ ಮಾತ್ರ ಎಲ್ಲ ಒಟ್ಟಿಗೆ ಕಪ್ಪಾಗಿ ಹೊಳೆಯುತ್ತದೆ.

ಬಿಸಿಲಲ್ಲಿ ಈ ಮರಳು ಹೇಗೆ ಕಾಯುತ್ತದೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಒಂದೂವರೆ ಇರಬಹುದು. ಅಮ್ಮ ಚಪ್ಪಲಿ ಬಿಟ್ಟು ನೀರಿನ ಕಡೆ ಹೊರಟಳು. ಹತ್ತು ಹೆಜ್ಜೆಗೆ ಕೂಗಿಕೊಂಡಳು. "ಅಯ್ಯೋ, ಕೊಂಡ ಹಾಯ್ದ ಹಾಗಿದೆ ಕಣೇ!" ಅವಳ ಮಂಡಿಗೆ ಓಡಲು ಆಗುವುದಿಲ್ಲ. ನನ್ನ ಗಂಡ ಓಡಿಹೋಗಿ ತಮ್ಮ ಟವೆಲ್ ಹಾಸಿ ಅದರ ಮೇಲೆ ನಿಲ್ಲಿಸಿ, ಚಪ್ಪಲಿ ತಂದುಕೊಟ್ಟರು. "ನೀವ್ಯಾಕೆ ಬರಿಗಾಲಲ್ಲಿ ಬಂದ್ರಿ" ಅಂತ ಅಮ್ಮ ಅಳಿಯನಿಗೇ ಬೈದಳು. ಇಬ್ಬರ ಅಂಗಾಲೂ ರಾತ್ರಿಯವರೆಗೆ ಉರಿಯುತ್ತಿತ್ತು. ಅದು ಸೆಪ್ಟೆಂಬರ್ ಕೊನೆ. ಜುಲೈ ಆಗಸ್ಟಲ್ಲಿ ಇನ್ನೆಷ್ಟಿರಬೇಕು! ಹಾಗಾಗಿ ನೀರಿಗೂ ಹಾಕಿಕೊಂಡು ಹೋಗಬಹುದಾದ ರಬ್ಬರ್ ಚಪ್ಪಲಿ ಇಲ್ಲದೆ ಇಲ್ಲಿಗೆ ಹೋಗಬೇಡಿ.

ನೀರಿನ ವಿಷಯ. ಅರಬ್ಬಿ ಸಮುದ್ರಕ್ಕೆ ಹೊಂದಿಕೊಂಡವರಿಗೆ ಮೂರು ವಿಷಯ ಹೊಸದು ಅನಿಸುತ್ತದೆ. ಮೊದಲನೆಯದು, ಉಬ್ಬರ ಇಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮಲ್ಲಿ ಇಳಿತದ ಹೊತ್ತಿಗೆ ಉದ್ದಕ್ಕೂ ಒದ್ದೆ ಮರಳು ಸಿಗುತ್ತದಲ್ವಾ, ಮಕ್ಕಳು ಓಡುತ್ತಾ ಆಡುವಂಥದ್ದು, ಅದು ಇಲ್ಲಿಲ್ಲ. ಒಣ ಮರಳು ಮುಗಿಯುತ್ತದೆ, ನೀರು ಶುರುವಾಗುತ್ತದೆ. ಎರಡನೆಯದು, ಬೇಗ ಆಳ ಆಗುತ್ತದೆ. ಐದಾರು ಹೆಜ್ಜೆಗೆ ನನಗೆ ಎದೆಮಟ್ಟ ಬಂತು. ಮಗುವಿನ ಮೇಲೆ ಕಣ್ಣಿಟ್ಟೇ ಇರಬೇಕು. ಮೂರನೆಯದು, ನೀರು ನಮ್ಮದಕ್ಕಿಂತ ಉಪ್ಪು ಜಾಸ್ತಿ, ತಣ್ಣಗೂ ಇದೆ. ಮೈ ಸಲೀಸಾಗಿ ತೇಲುತ್ತದೆ. ಕಣ್ಣಿಗೆ ಹೋದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

ಪೆರಿಸ್ಸಾದ ಒಂದು ಕಡೆ ನೀರಂಚಿನಲ್ಲೇ ಚಪ್ಪಟೆ ಬಂಡೆ ಹಾಸು ಇತ್ತು, ಮೇಲೆ ಪಾಚಿ. ಮಗ ಅದರ ಮೇಲೆ ಕಾಲಿಟ್ಟು ಜಾರಿದ. ಮೊಣಕೈ ಸ್ವಲ್ಪ ತರಚಿತು. ಅಲ್ಲಿಂದ ಎದ್ದು ಪೆರಿವೊಲೊಸ್ ಕಡೆ ನಡೆದೆವು. ಅಲ್ಲಿ ನಾವು ಇಳಿದ ಜಾಗದಲ್ಲಿ ತಳ ಮೆತ್ತಗಿತ್ತು. ಮಗುವನ್ನು ಇಳಿಸಲು ನಾನು ಆರಿಸಿದ್ದು ಆ ಜಾಗ.

ತೀರದ ಉದ್ದಕ್ಕೂ ಟಮರಿಸ್ಕ್ ಮರಗಳಿವೆ. ನಮ್ಮ ಕರಾವಳಿಯ ಗಾಳಿಮರದ ಹಾಗೆ ಎಳೆಎಳೆ ಎಲೆ. ಅದರ ನೆರಳು ಧಾರಾಳ. ಛತ್ರಿ, ಮಲಗುವ ಮಂಚ ಬಾಡಿಗೆಗೆ ಸಿಗುತ್ತವೆ. ಕೆಲವು ಹೋಟೆಲಿನವರು ಊಟ ತೆಗೆದುಕೊಂಡರೆ ಮಂಚಕ್ಕೆ ದುಡ್ಡು ಕೇಳುವುದಿಲ್ಲ. ಕೂರುವ ಮೊದಲೇ ಕೇಳಿ. ನಾವು ಕೂತ ಮೊದಲ ಜಾಗದಲ್ಲಿ ಬಿಟ್ಟಿ ಅಂತ ಕೈಸನ್ನೆ ಮಾಡಿದವರು ಏಳುವಾಗ ಬಾಡಿಗೆ ಸೇರಿಸಿ ಬಿಲ್ ತಂದರು. ವಾದ ಮಾಡಿ ಪ್ರಯೋಜನ ಆಗಲಿಲ್ಲ, ಕೊಟ್ಟು ಬಂದೆವು. ಗ್ರೀಸಿನಲ್ಲಿ ಸಮುದ್ರತೀರ ಸಾರ್ವಜನಿಕರದ್ದು. ಟವೆಲ್ ಹಾಸಿಕೊಂಡು ಕೂರಲು ಯಾರಿಗೂ ಏನೂ ಕೊಡಬೇಕಿಲ್ಲ. ಮಾರನೇ ಸಲ ನಾವು ಮರದ ಕೆಳಗೆ ಟವೆಲ್ ಹಾಸಿದೆವು. ಅದೇ ಹಿತವಾಗಿತ್ತು.

ಊಟದ ಬಗ್ಗೆ ಹೇಳದೆ ಹೋದರೆ ಅಮ್ಮ ಒಪ್ಪುವುದಿಲ್ಲ. ಅವಳು ಸಸ್ಯಾಹಾರಿ. ಮೆಡಿಟರೇನಿಯನ್ ದ್ವೀಪದಲ್ಲಿ ಇವಳಿಗೆ ಏನು ಕೊಡಿಸಲಿ ಅಂತ ಬೆಂಗಳೂರಿಂದಲೇ ನನಗೆ ಚಿಂತೆ. ಪೆರಿಸ್ಸಾದಲ್ಲಿ ಅದು ಕಳೆಯಿತು. ಇಲ್ಲಿ ಫಾವಾ ಅಂತ ಮಾಡುತ್ತಾರೆ. ಹಳದಿ ಬೇಳೆಯನ್ನು ಚೆನ್ನಾಗಿ ಬೇಯಿಸಿ ನುಣ್ಣಗೆ ಮಸೆದದ್ದು. ಮೇಲೆ ಆಲಿವ್ ಎಣ್ಣೆ, ಹೆಚ್ಚಿದ ಈರುಳ್ಳಿ, ನಿಂಬೆಹುಳಿ. ಒಂದು ತುತ್ತು ಬಾಯಿಗಿಟ್ಟ ಅಮ್ಮ, "ಇದು ಒಗ್ಗರಣೆ ಇಲ್ಲದ ತೊವ್ವೆ" ಅಂದಳು. ನಿಜ, ಅದೇ. ಈ ಬೇಳೆ ನಮ್ಮ ಕೇಸರಿ ಬೇಳೆಯ ಹತ್ತಿರದ ಸಂಬಂಧಿ. ಈ ದ್ವೀಪದ ಬೂದಿ ಮಣ್ಣಿನಲ್ಲಿ ಸಾವಿರಾರು ವರ್ಷಗಳಿಂದ ಬೆಳೆಯುತ್ತಾರೆ. ಜೊತೆಗೆ ಟೊಮೇಟೊ, ಪುದೀನ, ಈರುಳ್ಳಿ ಹಿಟ್ಟಲ್ಲಿ ಕಲಸಿ ಕರಿದ ಬೋಂಡದಂಥದ್ದು ಸಿಗುತ್ತದೆ. ತೊಮಾತೊಕೆಫ್ತೇದೆಸ್ ಅಂತ ಅದರ ಹೆಸರು. ಮಗ ಮೂರು ತಟ್ಟೆ ತಿಂದ.

ಕಮಾರಿ ಬಗ್ಗೆ ಬರೆಯಲು ನನಗೆ ಅಷ್ಟು ಇಲ್ಲ. ಮೆಸಾ ವೂನೋ ಬೆಟ್ಟದ ಒಂದು ಬದಿಗೆ ಪೆರಿಸ್ಸಾ ಇದ್ದರೆ ಇನ್ನೊಂದು ಬದಿಗೆ ಕಮಾರಿ. ನಡುವೆ ಬೆಟ್ಟ ಇರುವುದರಿಂದ ನೇರ ರಸ್ತೆ ಇಲ್ಲ. ಬಸ್ಸಲ್ಲಿ ಹೋಗಬೇಕೆಂದರೆ ಫಿರಾಕ್ಕೆ ಬಂದು ಬಸ್ ಬದಲಿಸಬೇಕು. ಸೀಸನ್ನಿನಲ್ಲಿ ಬೆಟ್ಟ ಸುತ್ತಿ ಹೋಗುವ ಸಣ್ಣ ದೋಣಿ ಓಡುತ್ತದೆ. ನಾವು ಹೋದ ದಿನ ಗಾಳಿ ಜೋರಾಗಿದ್ದರಿಂದ ದೋಣಿ ಇರಲಿಲ್ಲ.

ಕಮಾರಿಯೂ ಕಪ್ಪೇ, ಆದರೆ ಮರಳಿಗಿಂತ ಗುಂಡಗಿನ ಕಲ್ಲು ಜಾಸ್ತಿ. ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದರ ಮೇಲೊಂದು ಉರುಳಿ ಗಲಗಲ ಸದ್ದು ಮಾಡುತ್ತವೆ. ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಾ ಕೂರುವುದು ಚೆನ್ನಾಗಿತ್ತು. ವಿಮಾನ ನಿಲ್ದಾಣ ಹತ್ತಿರ. ಆಗಾಗ ವಿಮಾನದ ಸದ್ದು ಅದನ್ನು ಮುಚ್ಚಿಬಿಡುತ್ತದೆ.

ಅಮ್ಮನಿಗೆ ಮಾತ್ರ ಕಮಾರಿಯೇ ಇಷ್ಟವಾಯಿತು. ಸಮುದ್ರದ ಉದ್ದಕ್ಕೂ ಕಲ್ಲು ಹಾಸಿದ ಅಗಲದ ದಾರಿ ಇದೆ, ಅದರಲ್ಲಿ ವಾಹನ ಕಾಟ ಇಲ್ಲ, ನಾಲ್ಕು ಹೆಜ್ಜೆಗೊಂದು ಬೆಂಚು, ಪಕ್ಕದಲ್ಲೇ ಅಂಗಡಿ, ಶೌಚಾಲಯ. ಮರಳಿಗೆ ಇಳಿಯದೆಯೇ ಇಡೀ ಸಂಜೆ ಕಳೆಯಬಹುದು. 1956ರ ಜುಲೈನಲ್ಲಿ ಇಲ್ಲಿ ದೊಡ್ಡ ಭೂಕಂಪ ಆಯಿತು, ದ್ವೀಪದಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಆಗ ಮೇಲಿನ ಮೆಸಾ ಗೋನಿಯಾ ಎಂಬ ಹಳ್ಳಿ ಬಿದ್ದುಹೋಗಿ, ಅಲ್ಲಿನವರು ಕೆಳಗೆ ಬಂದು ನೆಲೆನಿಂತು ಬೆಳೆದ ಊರು ಇದು. ಅದಕ್ಕೇ ಇಲ್ಲಿ ಕಡಿದಾದ ಮೆಟ್ಟಿಲು, ಸಂದಿಗೊಂದಿ ಇಲ್ಲ. ಬೀದಿಗಳು ಸಮವಾಗಿವೆ. ಮಂಡಿನೋವಿನವರಿಗೆ ಅದೊಂದು ದೊಡ್ಡ ಉಪಕಾರ.

ಇನ್ನು ವ್ಲಿಹಾದಾ. ಇದನ್ನು ಕೊನೆಗೆ ಇಟ್ಟುಕೊಂಡಿದ್ದು ಬಸ್ಸು ಕಡಿಮೆ ಅಂತ. ಹೋದ ಮೇಲೆ, ಇಲ್ಲಿಗೇ ಮೊದಲು ಬರಬೇಕಿತ್ತು ಅನಿಸಿತು.

ದ್ವೀಪದ ದಕ್ಷಿಣಕ್ಕೆ, ಮೀನುದೋಣಿ ಮತ್ತು ಹಾಯಿದೋಣಿ ನಿಲ್ಲುವ ಪುಟ್ಟ ಬಂದರು. ಅದರ ಪಕ್ಕದಿಂದ ಬೀಚ್ ಶುರು. ಮರಳು ಬೂದುಕಪ್ಪು, ಅಲ್ಲಲ್ಲಿ ಕಲ್ಲು. ಇಷ್ಟೇ ಆಗಿದ್ದರೆ ಪೆರಿಸ್ಸಾದ ಬಡ ತಂಗಿ ಅನ್ನಬಹುದಿತ್ತು. ಹಿಂದೆ ತಿರುಗಿ ನೋಡಬೇಕು. ಬೀಚಿನ ಉದ್ದಕ್ಕೂ ಬೂದುಬಿಳಿ ಗೋಡೆ. ಮೇಲಿಂದ ಕೆಳಗಿನವರೆಗೆ ಗಾಳಿ ಕೊರೆದಿದೆ. ಕಂಬ, ಗೂಡು, ಮಡಿಕೆ, ಗೋಪುರ, ಅರ್ಧ ಕಟ್ಟಿ ಬಿಟ್ಟ ದೇವಸ್ಥಾನದ ಹಾಗೆ. ಮಗ ಅದರಲ್ಲಿ ಆನೆ ಸೊಂಡಿಲು ಹುಡುಕಿದ. ಹುಡುಕಿದರೆ ಸಿಗುತ್ತದೆ.

ಈ ಗೋಡೆಯೇ ಆ 3,600 ವರ್ಷದ ಹಿಂದಿನ ಸ್ಫೋಟ. ಅಕ್ರೋತಿರಿಯಲ್ಲಿ ಊರನ್ನು ಮುಚ್ಚಿದ ಅದೇ ಬೂದಿ, ಅದೇ ನೊರೆಗಲ್ಲು ಇಲ್ಲಿ ಗೋಡೆಯಾಗಿ ನಿಂತಿದೆ. ಅಲ್ಲಿ ಮನೆಗಳನ್ನು ನೋಡಿದ ಮೇಲೆ ಇಲ್ಲಿ ಬಂದು ಆ ಬೂದಿಯ ಎತ್ತರಕ್ಕೆ ಕತ್ತೆತ್ತಿದಾಗ ನನಗೆ ಮಾತು ಹೊರಡಲಿಲ್ಲ. ಇಷ್ಟೆಲ್ಲ ಬಿದ್ದದ್ದು ಕೆಲವೇ ದಿನಗಳಲ್ಲಿ. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಲಾವಾದವೇ. ಆದರೆ ಅವು ಕೋಟ್ಯಂತರ ವರ್ಷ ಹಳೆಯವು, ಗಟ್ಟಿಯಾಗಿ ತಣ್ಣಗಾಗಿವೆ. ಇಲ್ಲಿಯದ್ದು ನಿನ್ನೆ ಮೊನ್ನೆಯದು. ಉಗುರಿಂದ ಗೀರಿದರೆ ಉದುರುತ್ತದೆ. ಕುಸಿದ ನಡುಭಾಗದ ಸಮುದ್ರದಲ್ಲಿರುವ ನೆಯಾ ಕಮೆನಿ ಎಂಬ ಪುಟ್ಟ ದ್ವೀಪದಲ್ಲಿ 1950ರಲ್ಲೂ ಲಾವಾ ಬಂದಿತ್ತು. ಈ ಬೆಂಕಿ ಇನ್ನೂ ಆರಿಲ್ಲ.

ನೀರಂಚಿನಲ್ಲಿ ಮೊಟ್ಟೆ ಗಾತ್ರದ ಒಂದು ಬಿಳಿ ಕಲ್ಲು ಸಿಕ್ಕಿತು. ಅಂಗಡಿಯಲ್ಲಿ ಹಿಮ್ಮಡಿ ಉಜ್ಜಲು ಸಿಗುತ್ತದಲ್ಲ, ಪ್ಯೂಮಿಸ್, ಅದೇ. ಒಳಗೆ ಸೂಜಿಯಿಂದ ಚುಚ್ಚಿದಂಥ ಸಾವಿರ ತೂತು. ಮಗನಿಗೆ ನೀರಿಗೆ ಹಾಕಲು ಹೇಳಿದೆ. ಅವನು ಮುಳುಗುತ್ತದೆ ಅಂದುಕೊಂಡು ಎಸೆದ. ಕಲ್ಲು ತೇಲಿತು. ಅಲೆಯ ಮೇಲೆ ಕುಪ್ಪಳಿಸುತ್ತಾ ವಾಪಸ್ ಅವನ ಕಾಲಬುಡಕ್ಕೇ ಬಂತು. ಮತ್ತೆ ಎಸೆದ, ಮತ್ತೆ ಬಂತು. ಒಂದು ಗಂಟೆ ಅವನಿಗೆ ಬೇರೆ ಆಟವೇ ಬೇಡವಾಯಿತು. ಅಮ್ಮ ದಡದಲ್ಲಿ ಕೂತು, "ರಾಮಸೇತು ಕಟ್ಟೋಕೆ ಇಂಥದ್ದೇ ಕಲ್ಲು ಬೇಕಿತ್ತು ನೋಡು" ಅಂತ ಮೊಮ್ಮಗನಿಗೆ ಕಥೆ ಶುರುಮಾಡಿದಳು. ಗ್ರೀಸಿನ ದಡದಲ್ಲಿ ನಳ ನೀಲರ ಕಥೆ ಕೇಳಿದ್ದನ್ನು ಅವನು ಮರೆಯಲಿಕ್ಕಿಲ್ಲ.

ಈ ಬೂದಿಗೆ ಇನ್ನೊಂದು ಚರಿತ್ರೆ ಇದೆ. ಇದನ್ನು ಸುಣ್ಣದ ಜೊತೆ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ಆಗುತ್ತದೆ. 1860ರ ದಶಕದಲ್ಲಿ ಸೂಯೆಜ್ ಕಾಲುವೆಯ ಕೆಲಸಕ್ಕೆ ಇಲ್ಲಿಂದ ಹಡಗುಗಟ್ಟಲೆ ಸಾಗಿಸಿದರು. ಹಾಗೆ ಅಗೆಯುವಾಗಲೇ ಬೂದಿಯ ಕೆಳಗೆ ಹಳೇ ಗೋಡೆಗಳು ಕಂಡು, ಇಲ್ಲೊಂದು ಊರಿತ್ತು ಅನ್ನುವ ಸುಳಿವು ಸಿಕ್ಕಿದ್ದು.

ಬೀಚಿನ ಪಕ್ಕದಲ್ಲೇ ಹಳೇ ಟೊಮೇಟೊ ಕಾರ್ಖಾನೆ, ಈಗ ಮ್ಯೂಸಿಯಂ. 1945ರಲ್ಲಿ ಶುರುವಾದದ್ದು. ದ್ವೀಪದಲ್ಲಿ ನದಿ ಇಲ್ಲ, ಮಳೆ ಕಡಿಮೆ. ನೀರು ಹಾಕದೆಯೇ ಬೆಳೆಯುವ ಪುಟ್ಟ ಟೊಮೇಟೊವನ್ನು ಇಲ್ಲಿ ತಂದು ಅರೆದು ಡಬ್ಬಿ ತುಂಬುತ್ತಿದ್ದರು. ಯಂತ್ರಗಳು ಹಾಗೇ ಇವೆ. ಬಿಸಿಲು ನೆತ್ತಿಗೆ ಬಂದಾಗ ಒಳಗೆ ಹೋಗಿ ನೋಡಲು ಒಳ್ಳೆಯ ಜಾಗ.

ಇಲ್ಲೂ ಗೋಡೆಯ ಬುಡದಲ್ಲಿ ಮಾತ್ರ ಕೂರಬೇಡಿ. ಮೆತ್ತಗಿನ ಬೂದಿ, ಉದುರುವುದು ಸಹಜ. ಆದರೆ ಕೆಂಪು ಬೀಚಿನ ಹಾಗೆ ಜಾಗ ಇಕ್ಕಟ್ಟಿಲ್ಲ. ಗೋಡೆಯಿಂದ ದೂರ ನೀರಿನ ಹತ್ತಿರ ಆರಾಮಾಗಿ ಕೂರಬಹುದು. ಬಂದರಿನ ಕಡೆ ಒಂದಷ್ಟು ಛತ್ರಿ, ಮಂಚ ಇವೆ. ಅದು ದಾಟಿದರೆ ಜನರೇ ಇಲ್ಲ. ಮರದ ನೆರಳೂ ಇಲ್ಲ. ಹಾಗಾಗಿ ಛತ್ರಿ, ನೀರು, ತಿನ್ನಲು ಏನಾದರೂ ಕಟ್ಟಿಕೊಂಡೇ ಹೋಗಬೇಕು. ಮುಂದೆ ಮುಂದೆ ನಡೆದರೆ ಬಟ್ಟೆ ಇಲ್ಲದೆ ಬಿಸಿಲು ಕಾಯಿಸುವವರೂ ಕಾಣುತ್ತಾರೆ. ಮನೆಯವರೆಲ್ಲ ಜೊತೆಯಲ್ಲಿದ್ದರೆ ಬಂದರಿನ ಕಡೆಯೇ ಇರುವುದು ಒಳ್ಳೆಯದು.

ಈಗ ಯಾವುದು ಅಂತ ಕೇಳಿದರೆ, ನನ್ನ ಮಟ್ಟಿಗೆ ವ್ಲಿಹಾದಾ. ಈಜಲು ಪೆರಿವೊಲೊಸ್ ಇದಕ್ಕಿಂತ ಹಿತ, ಒಪ್ಪುತ್ತೇನೆ. ಬಣ್ಣಕ್ಕೆ ಕೆಂಪು ಬೀಚನ್ನು ಮೀರಿಸುವುದಿಲ್ಲ, ಅದೂ ಸರಿ. ಆದರೆ ಈ ದ್ವೀಪಕ್ಕೆ ಏನಾಯಿತು ಅಂತ ಕೈಯಲ್ಲಿ ಮುಟ್ಟಿ ತಿಳಿದದ್ದು ವ್ಲಿಹಾದಾದಲ್ಲಿ. ಅಮ್ಮನ ಮತ ಕಮಾರಿಗೆ. ಗಂಡನದ್ದು ಪೆರಿಸ್ಸಾಗೆ. ಅವರಿಗೆ ಮರದ ನೆರಳು, ತಣ್ಣನೆ ಬಿಯರ್, ಎದುರಿಗೆ ಸಮುದ್ರ ಇದ್ದರೆ ಬೇರೇನೂ ಬೇಡ. ಮಗನಿಗೆ ತೇಲುವ ಕಲ್ಲು.

ಒಂದೇ ದಿನ ಕೈಯಲ್ಲಿದ್ದರೆ ಹೀಗೆ ಮಾಡಿ. ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ರೋತಿರಿ, ಕೆಂಪು ಬೀಚನ್ನು ದೂರದಿಂದ ನೋಡಿ, ಅಗೆತ ತೆರೆಯುತ್ತಿದ್ದ ಹಾಗೆ ಒಳಗೆ ಹೋಗಿ. ಮಧ್ಯಾಹ್ನ ಫಿರಾಕ್ಕೆ ಬಂದು ಪೆರಿಸ್ಸಾ ಬಸ್ಸು ಹತ್ತಿ. ಮರಳು ತಣಿಯುವ ನಾಲ್ಕು ಗಂಟೆ ಹೊತ್ತಿಗೆ ಪೆರಿವೊಲೊಸಲ್ಲಿ ನೀರಿಗಿಳಿಯಬಹುದು. ಪೂರ್ವದ ತೀರ ಆದ್ದರಿಂದ ಅಲ್ಲಿ ಸಮುದ್ರಕ್ಕೆ ಇಳಿಯುವ ಸೂರ್ಯ ಕಾಣುವುದಿಲ್ಲ, ಅದಕ್ಕೆ ಕಾಯಬೇಡಿ.

ಎರಡು ದಿನ ಇದ್ದರೆ ಎರಡನೆಯದು ಪೂರ್ತಿ ವ್ಲಿಹಾದಾಗೆ ಕೊಡಿ. ಬಸ್ಸಿನ ಟಿಕೆಟ್ಟಿಗೆ ಚಿಲ್ಲರೆ ಯೂರೋ ಇಟ್ಟುಕೊಳ್ಳಿ. ನಾವು ವಾಪಸ್ ಬಸ್ಸಿನ ಹೊತ್ತು ಕೇಳಿಕೊಂಡಿರಲಿಲ್ಲ. ಸಂಜೆ ಒಂದು ಬಸ್ಸು ತಪ್ಪಿತು. ಬಂದರಿನ ಕಟ್ಟೆ ಮೇಲೆ ಒಂದೂವರೆ ಗಂಟೆ ಕೂತೆವು. ಮೀನುಗಾರರೊಬ್ಬರು ಬಲೆ ಬಿಡಿಸುತ್ತಿದ್ದರು. ಅಮ್ಮನ ಹತ್ತಿರ ಗ್ರೀಕ್ ಇಲ್ಲ, ಅವರ ಹತ್ತಿರ ಕನ್ನಡ ಇಲ್ಲ. ಆದರೂ ಇಬ್ಬರೂ ಬಸ್ಸು ಬರುವವರೆಗೆ ಬಲೆಯ ಗಂಟುಗಳ ಬಗ್ಗೆ ಕೈಯಲ್ಲೇ ಮಾತಾಡುತ್ತಿದ್ದರು.